ಟುಲಿಪ್ಪಿಗೆ ಬಿದ್ದ ಕಣ್ಣು

ಈಚೆಗೆ ನನಗೆ ಕೆಮ್ಮು ಬಂದರೆ ನಾಚಿಕೆಯಾಗುತ್ತದೆ. ಜನ ನಾಚಿಕೊಳ್ಳುವುದಕ್ಕೆ ಪ್ರಪಂಚದಲ್ಲಿ ಬೇಕಾದಷ್ಟು ಕಾರಣಗಳಿವೆ. ಮದುವೆಮನೆಯಲ್ಲಿ ಮೂರನೇ ಸಲ ಹೋಳಿಗೆ ಹಾಕಿಸಿಕೊಳ್ಳುವಾಗ ಬೀಗರು ನೋಡಿಬಿಟ್ಟರು ಎಂದು ನಾಚುತ್ತಾರೆ, ಬಸ್ಸಿನಲ್ಲಿ ಪಕ್ಕದವರ ಹೆಗಲ ಮೇಲೆ ನಿದ್ದೆ ಹೋದೆವೆಂದು ನಾಚುತ್ತಾರೆ, ದೇವಸ್ಥಾನದಿಂದ ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಬಂದೆವೆಂದು ನಾಚುತ್ತಾರೆ. ಇವೆಲ್ಲ ಮರ್ಯಾದಸ್ಥ ನಾಚಿಕೆಗಳು. ನಾಲ್ಕು ಜನ ಸೇರಿದಾಗ ಹೇಳಿಕೊಂಡು ನಗಬಹುದು. ನನ್ನ ಕೆಮ್ಮಿನ ವಿಷಯ ಹಾಗಲ್ಲ. ಅದನ್ನು ಹೇಳಬೇಕಾದರೆ ಟುಲಿಪ್ ಹೂವಿನಿಂದ ಶುರುಮಾಡಿ, ಫ್ರಿಜ್ಜಿನೊಳಗೆ ಹಾದು, ಪಕ್ಕದ ಮನೆಯ ರತ್ನಮ್ಮನವರ ಕಣ್ಣಿನವರೆಗೆ ಬರಬೇಕು. ಕೇಳುವ ತಾಳ್ಮೆ ನಿಮಗಿದ್ದರೆ, ಹೇಳುವ ಧೈರ್ಯವನ್ನು ನಾನು ಹೇಗೋ ತಂದುಕೊಳ್ಳುತ್ತೇನೆ.

ಮುಳಬಾಗಿಲಿನಲ್ಲಿ ನನ್ನ ಮನೆ. ಆವನಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರ ಕೆಲಸ. ಗ್ರಹಣದ ದಿನ ಮಕ್ಕಳನ್ನು ಮೈದಾನದಲ್ಲಿ ಸಾಲಾಗಿ ಕೂರಿಸಿ, ಎಲ್ಲರಿಗೂ ಕಾಣುವಂತೆ ಕಡ್ಲೆಪುರಿ ತಿನ್ನುವವನು ನಾನು. ಕೆಟ್ಟ ಕಣ್ಣು ಬೀಳುವುದಕ್ಕೆ ನಮ್ಮ ಕಡೆ ದಿಷ್ಟಿ ಎನ್ನುತ್ತಾರೆ. ಶಾಲೆಯ ದಾರಿಯುದ್ದಕ್ಕೂ ಟಮಾಟ ತೋಟಗಳಲ್ಲಿ ನಾಲಿಗೆ ಚಾಚಿಕೊಂಡು ನಿಂತ ದಿಷ್ಟಿಬೊಂಬೆಗಳನ್ನು ಮಕ್ಕಳಿಗೆ ತೋರಿಸಿ, "ಎಲೆಗೆ ಬರೋ ರೋಗಕ್ಕೆ ಕಣ್ಣಿದೆಯೇನ್ರೋ, ಬೊಂಬೆ ನೋಡಿ ಹೆದರಿಕೊಳ್ಳೋಕೆ?" ಎಂದು ವರ್ಷವರ್ಷವೂ ಕೇಳುತ್ತೇನೆ. ನಮ್ಮ ಡ್ರಿಲ್ ಮೇಷ್ಟ್ರು ಹೊಸ ಬೈಕಿಗೆ ದಿಷ್ಟಿಗೆಂದು ಕಟ್ಟಿದ್ದ ನಿಂಬೆಹಣ್ಣನ್ನು ಬಿಚ್ಚಿ, ಶರಬತ್ತು ಮಾಡಿ, ಸ್ಟಾಫ್ ರೂಮಿನಲ್ಲಿ ಅವರೆದುರೇ ಕುಡಿದವನೂ ನಾನೇ. ಶರಬತ್ತು ಸ್ವಲ್ಪ ಪೆಟ್ರೋಲ್ ವಾಸನೆ ಹೊಡೆಯುತ್ತಿತ್ತು. ಆದರೂ ತತ್ವಕ್ಕಾಗಿ ಪೂರ್ತಿ ಕುಡಿದೆ.

ಇಂಥವನಿಗೆ ಟುಲಿಪ್ ಹುಚ್ಚು ಹಿಡಿದದ್ದು ಫೋನಿನಿಂದ. ಯಾರೋ ಒಬ್ಬ ಪುಣ್ಯಾತ್ಮ ತನ್ನ ಮನೆಯ ಹಾಲಿನಲ್ಲಿ, ಟೀವಿಯ ಪಕ್ಕದಲ್ಲಿ, ಕುಂಡದೊಳಗೆ ಟುಲಿಪ್ ಅರಳಿಸಿ ವಿಡಿಯೊ ಮಾಡಿ ಹಾಕಿದ್ದ. ನೋಡಿದ ಕೂಡಲೇ ನನ್ನ ತಲೆ ಕೆಟ್ಟಿತು. ಕಾಶ್ಮೀರದಲ್ಲಿ ಅರಳುವುದು ಮುಳಬಾಗಿಲಿನಲ್ಲಿ ಯಾಕೆ ಅರಳಬಾರದು, ನಮ್ಮ ಚಳಿಗೇನು ಕಡಿಮೆಯೇ, ಧನುರ್ಮಾಸದಲ್ಲಿ ನನ್ನ ಸ್ಕೂಟರು ಒದ್ದರೂ ಎಚ್ಚರವಾಗುವುದಿಲ್ಲ ಎಂದು ವಾದ ಹೂಡಿದೆ. ಎದುರಾಳಿ ಯಾರೂ ಇರಲಿಲ್ಲವಾದ್ದರಿಂದ ನಾನೇ ಗೆದ್ದೆ. ಐದು ಗೆಡ್ಡೆಗಳನ್ನು ತರಿಸಿದೆ. ನೋಡುವುದಕ್ಕೆ ಥೇಟ್ ಈರುಳ್ಳಿ. ಈಗ ನೀವು, ಇವನ ಹೆಂಡತಿ ಅದನ್ನು ಹುಳಿಗೆ ಹೆಚ್ಚಿ ಹಾಕಿರುತ್ತಾಳೆ ಎಂದು ಊಹಿಸಿ ನಗಲು ಸಿದ್ಧರಾಗಿದ್ದರೆ ಕ್ಷಮಿಸಿ. ನನ್ನ ಹೆಂಡತಿ ಪದ್ಮಳಿಗೆ ಈರುಳ್ಳಿ ಯಾವುದು ಎಂದು ಚೆನ್ನಾಗಿ ಗೊತ್ತು. ಈ ವೃತ್ತಾಂತದಲ್ಲಿ ದಡ್ಡತನ ಮಾಡುವ ಹಕ್ಕು ನನಗೊಬ್ಬನಿಗೇ ಇದೆ.

ಟುಲಿಪ್ ಗೆಡ್ಡೆಗೆ ಮೊದಲು ಚಳಿಗಾಲ ತೋರಿಸಬೇಕು, ಇಲ್ಲದಿದ್ದರೆ ಅದಕ್ಕೆ ಹೂ ಬಿಡುವ ಮನಸ್ಸಾಗುವುದಿಲ್ಲ. ಬೆಚ್ಚನೆಯ ಊರಿನವರು ಅದಕ್ಕಾಗಿ ಗೆಡ್ಡೆಯನ್ನು ವಾರಗಟ್ಟಲೆ ಫ್ರಿಜ್ಜಿನಲ್ಲಿಡಬೇಕು. ಜೊತೆಗೆ ಆ ಪುಣ್ಯಾತ್ಮ ಇನ್ನೊಂದು ಎಚ್ಚರಿಕೆ ಹೇಳಿದ್ದ. ಫ್ರಿಜ್ಜಿನಲ್ಲಿ ಹಣ್ಣು ಇರಕೂಡದು. ಮಾಗುವ ಹಣ್ಣು ಒಂದು ಅನಿಲ ಬಿಡುತ್ತದೆ, ಆ ಅನಿಲ ತಗುಲಿದರೆ ಗೆಡ್ಡೆಯೊಳಗಿನ ಮೊಗ್ಗು ಹೊಟ್ಟೆಯಲ್ಲೇ ಸಾಯುತ್ತದೆ. ಕೇಳಿ ನನಗೆ ಹೆಮ್ಮೆಯೇ ಆಯಿತು. ಇದು ನನ್ನದೇ ಪಾಠ. ಒಂದು ಹಣ್ಣಾದ ಮಾವು ಇಟ್ಟರೆ ಸುತ್ತಲಿನ ಕಾಯೆಲ್ಲ ಹಣ್ಣಾಗುವುದು ಯಾಕೆ ಎಂದು ಎಥಿಲೀನ್ ಅನಿಲದ ಹೆಸರು ಬೋರ್ಡಿನ ಮೇಲೆ ಬರೆದು ವಿವರಿಸುವವನು ನಾನು. ದಸರಾ ಮುಗಿದ ಮಾರನೇ ದಿನವೇ ಫ್ರಿಜ್ಜಿನ ಮುಂದೆ ಚೆಕ್‌ಪೋಸ್ಟ್ ಪೊಲೀಸಿನಂತೆ ನಿಂತು ಎಲ್ಲ ಹಣ್ಣನ್ನೂ ಹೊರಗೆ ಹಾಕಿಸಿದೆ. ಬಾಳೆಹಣ್ಣು, ಸಪೋಟ, ಸೀಬೆ, ಕೊನೆಗೆ ಪದ್ಮ ಶನಿವಾರದ ಉಪವಾಸಕ್ಕೆಂದು ತಂದಿಟ್ಟಿದ್ದ ಎರಡು ಸೇಬನ್ನೂ ಬಿಡಲಿಲ್ಲ. ಅವು ಶೆಲ್ಫಿನ ಮೇಲೆ ಇರುವೆಗಳ ಪಾಲಾದವು. "ಇರುವೆಗೂ ಶನಿವಾರ ಅಂತ ಕಾಣುತ್ತೆ" ಎಂದಳು ಪದ್ಮ, ಅಷ್ಟೇ. ಹೀಗೆ ಫ್ರಿಜ್ಜನ್ನು ಶುದ್ಧ ಮಾಡಿ, ಕೆಳಗಿನ ತರಕಾರಿ ಟ್ರೇಯಲ್ಲಿ, ಶ್ರೀನಿವಾಸಪುರದ ಕಡೆಯಿಂದ ನನ್ನ ಭಾವಮೈದ ಬಂದಾಗಲೆಲ್ಲ ಬಾಕ್ಸುಗಟ್ಟಲೆ ತರುವ ಟಮಾಟವನ್ನು ಆಚೀಚೆ ಸರಿಸಿ, ನಡುವೆ ಬೆಚ್ಚಗೆ, ಅಂದರೆ ತಣ್ಣಗೆ, ಗೆಡ್ಡೆಗಳನ್ನು ಮಲಗಿಸಿದೆ. ಬರಿಗೈಯಲ್ಲಿ ಅಕ್ಕನ ಮನೆಗೆ ಹೋಗಬಾರದು ಎನ್ನುವ ಹುಡುಗ ಅವನು. ಗೆಡ್ಡೆಗಳು ಅಲ್ಲಿದ್ದಷ್ಟು ಕಾಲವೂ ಟಮಾಟ ಬರುತ್ತಲೇ ಇತ್ತು.

ಇನ್ನು ರತ್ನಮ್ಮನವರು. ಪೂರ್ತಿ ಹೆಸರು ಮುನಿರತ್ನಮ್ಮ. ನಮ್ಮ ಕಾಂಪೌಂಡಿಗೆ ಅಂಟಿಕೊಂಡಂತೆ ಅವರ ಮನೆ. ಗಂಡ ತೀರಿಕೊಂಡು ಬಹಳ ಕಾಲವಾಯಿತು, ಬ್ಲೌಸ್ ಹೊಲಿದುಕೊಂಡು ಒಬ್ಬರೇ ಇದ್ದಾರೆ. ಅವರದು ಒಂದೇ ದುರಭ್ಯಾಸ. ಚೆನ್ನಾಗಿರುವುದನ್ನು ಕಂಡರೆ ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಿಬಿಡುತ್ತಾರೆ. ನಮ್ಮ ಊರಿನಲ್ಲಿ ಹಾಗೆ ಹೊಗಳಿದವರು ಹಿಂದೆಯೇ ದಿಷ್ಟಿ ಆಗದಿರಲಿ ಎಂದು ಹೇಳಿ ಲಟಿಕೆ ಮುರಿಯಬೇಕು. ರತ್ನಮ್ಮನವರಿಗೆ ಹೊಗಳುವ ಸಂಭ್ರಮದಲ್ಲಿ ಅದು ಮರೆತುಹೋಗುತ್ತದೆ. ಅವರು ಮೆಚ್ಚಿದ ಮಿಕ್ಸಿ ಸಂಜೆಗೆ ಸುಟ್ಟುಹೋಯಿತಂತೆ, ಕುರುಡುಮಲೆಯಲ್ಲಿ ಅವರ ಚಿಕ್ಕಮ್ಮನ ಮನೆಯ ಹಸು ಅವರು ನೋಡಿದ ಮಾರನೇ ದಿನದಿಂದ ಹಾಲು ಕೊಡಲಿಲ್ಲವಂತೆ. ಹೀಗೆ ಅಂತೆಗಳು ಬೆಳೆದು, ಟೇಕಲ್ಲಿನ ಅವರ ನಾದಿನಿ ಮನೆಯವರು ನಾಮಕರಣಕ್ಕೆ ಕರೆಯುವಾಗ, "ಊಟದ ಹೊತ್ತಿಗೆ ಬಂದ್ರೆ ಸಾಕು ಬಿಡಕ್ಕ" ಎನ್ನುತ್ತಾರೆ. ಅಂದರೆ ಮಗುವನ್ನು ತೊಟ್ಟಿಲಿಗೆ ಹಾಕಿ, ಪರದೆ ಎಳೆದು, ಮಲಗಿಸಿದ ಮೇಲೆ ಬಾ ಎಂದರ್ಥ. ರತ್ನಮ್ಮನವರು ಊಟದ ಹೊತ್ತಿಗೇ ಹೋಗುತ್ತಾರೆ. ಹೋದವರು ನೆಲ ನೋಡಿಕೊಂಡು ಉಂಡು ಬರುತ್ತಾರೆ.

ಈ ಕಥೆಗಳನ್ನು ಹೇಳಲು ಬಂದವರನ್ನು ನಾನು ನಮ್ಮ ಬಾಗಿಲಲ್ಲೇ ತಿರುಗಿಸಿ ಕಳಿಸಿದ್ದೇನೆ. ಅದು ರತ್ನಮ್ಮನವರ ಕಿವಿಗೂ ಬಿದ್ದಿತ್ತು. ಒಂದು ಸಂಜೆ ನಮ್ಮ ಹಾಲಿನಲ್ಲಿ ಕಾಫಿ ಕುಡಿಯುತ್ತಾ, "ನಿಮ್ಮನೇಲಿ ಮಾತ್ರ ಮೇಷ್ಟ್ರೆ, ನಾನು ಕಣ್ ಬಿಟ್ಕೊಂಡು ಕೂತ್ಕೊಳ್ಳೋದು" ಎಂದಿದ್ದರು. ವಿಜ್ಞಾನ ಓದಿದ್ದು ಸಾರ್ಥಕವಾಯಿತು ಎಂದು ನಾನು ಒಳಗೊಳಗೇ ಉಬ್ಬಿದ್ದೆ.

ಸಂಕ್ರಾಂತಿಯ ಹೊತ್ತಿಗೆ ಗೆಡ್ಡೆಗಳನ್ನು ಹೊರಗೆ ತೆಗೆದು, ಮಣ್ಣು, ಮರಳು, ತೆಂಗಿನ ನಾರಿನ ಪುಡಿ ಬೆರೆಸಿದ ಒಂದೇ ಅಗಲವಾದ ಕುಂಡದಲ್ಲಿ ಚೂಪು ತುದಿ ಮೇಲೆ ಬರುವಂತೆ ನೆಟ್ಟೆ. ನೀರು ಹೆಚ್ಚಾದರೆ ಗೆಡ್ಡೆ ಕೊಳೆಯುತ್ತದೆ, ಕಡಿಮೆಯಾದರೆ ಮುನಿಸಿಕೊಳ್ಳುತ್ತದೆ. ಬೆಳಕು ಬೇಕು, ಬಿಸಿಲು ಬೇಡ. ಹಾಲಿನ ಬಡಗಣ ಕಿಟಕಿಯ ಕೆಳಗೆ ಕುಂಡ ಇಟ್ಟು, ಸುತ್ತ ಒದ್ದೆ ಗೋಣಿ ಸುತ್ತಿ, ಮಧ್ಯಾಹ್ನ ಅದಕ್ಕೆ ಫ್ಯಾನು ಹಾಕಿ ಶಾಲೆಗೆ ಹೋಗುತ್ತಿದ್ದೆ. ನನಗೆ ಜ್ವರ ಬಂದಾಗ ಇವರು ಇಷ್ಟು ನೋಡಿಕೊಳ್ಳಲಿಲ್ಲ ಎಂದು ಪದ್ಮ ಫೋನಿನಲ್ಲಿ ತಮ್ಮನಿಗೆ ಹೇಳುತ್ತಿದ್ದುದು ಕೇಳಿಸಿತು. ಕೇಳಿಸದವನಂತೆ ಇದ್ದೆ. ದಪ್ಪದಪ್ಪ ಎಲೆಗಳು ಬಂದವು. ಎಲೆಗಳ ನಡುವೆ ಮೊಗ್ಗುಗಳು ತಲೆ ತೂರಿಸಿದವು. ನಾನು ಬೀದಿಗೆಲ್ಲ ಹೇಳಿದೆ, ಸ್ಟಾಫ್ ರೂಮಿನವರನ್ನೆಲ್ಲ ಬರುವ ಭಾನುವಾರ ಕಾಫಿಗೆ, ಟುಲಿಪ್ ದರ್ಶನಕ್ಕೆ ಬನ್ನಿ ಎಂದು ಕರೆದೆ.

ಆ ವಾರದಲ್ಲೇ ರತ್ನಮ್ಮನವರು ಬಂದರು. ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತು ಗಲ್ಲಕ್ಕೆ ಕೈ ಹಚ್ಚಿದರು. "ಅಬ್ಬಾ, ಏನ್ ಮೇಷ್ಟ್ರೆ ಇದು. ಹಸುಗೂಸು ಕಣ್ಮುಚ್ಕೊಂಡು ಮಲಗ್ದಂಗೈತಲ್ಲ ಮೊಗ್ಗು. ಎಂಥಾ ಚೆಂದ, ಎಂಥಾ ಚೆಂದ" ಎಂದರು. ಬೆರಳು ಕೂಡ ಸೋಕಿಸಲಿಲ್ಲ. ಲಟಿಕೆಯನ್ನೂ ಮುರಿಯಲಿಲ್ಲ. ಮಾರನೇ ಬೆಳಿಗ್ಗೆ ಎದ್ದು ನೋಡುತ್ತೇನೆ, ಎಲ್ಲಕ್ಕಿಂತ ದೊಡ್ಡ ಮೊಗ್ಗು ಬಣ್ಣಗೆಟ್ಟು, ಒಣಗಿದ ಈರುಳ್ಳಿ ಸಿಪ್ಪೆಯಂತಾಗಿ ಬಾಗಿತ್ತು.

"ನಿನ್ನೆ ರತ್ನಮ್ಮ ಬಂದಿದ್ದರು ಅಲ್ಲವಾ?" ಈ ಮಾತನ್ನು ಪದ್ಮ ಆಡಿದಳು ಎಂದು ಬರೆದುಬಿಡೋಣವೇ ಎಂದು ನನಗೆ ಈಗ ಒಂದು ಕ್ಷಣ ಅನ್ನಿಸಿತು. ಆದರೆ ಬರೆದರೆ ಅವಳು ಓದುತ್ತಾಳೆ. ಆಡಿದವನು ನಾನೇ. ಪದ್ಮ ತರಕಾರಿ ಹೆಚ್ಚುತ್ತಿದ್ದವಳು ಚಾಕು ನಿಲ್ಲಿಸಿದಳು. "ಏನಂದ್ರಿ?" ಎಂದಳು. "ಏನಿಲ್ಲ, ಬಂದಿದ್ರು ಅಂದೆ." "ಬಂದಿದ್ರು. ಹಾಲಿನೋನೂ ಬಂದಿದ್ದ. ಗ್ಯಾಸಿನೋನೂ ಬಂದಿದ್ದ" ಎಂದು ಮತ್ತೆ ಹೆಚ್ಚತೊಡಗಿದಳು. ಅಲ್ಲಿಗೆ ಮಾತು ಮುಗಿಯಬೇಕಾಗಿತ್ತು. ನಾನು ಮಾತು ಮುಗಿಸಿ ಕೆಲಸಕ್ಕೆ ಇಳಿದೆ. ಉಳಿದ ನಾಲ್ಕು ಮೊಗ್ಗುಗಳನ್ನಾದರೂ ಉಳಿಸಿಕೊಳ್ಳೋಣವೆಂದು ಕುಂಡವನ್ನು ಒಳಗಿನ ಕೋಣೆಗೆ ಸಾಗಿಸಿದೆ. ಬಾಗಿಲು ಹಾಕಿಕೊಂಡು, ಕುಂಡದ ಕಂಠಕ್ಕೆ ಒಂದು ಕರಿದಾರ ಸುತ್ತಿದೆ. ಪದ್ಮಳ ಕಾಡಿಗೆ ಡಬ್ಬಿಯಿಂದ ಒಂದು ಬೊಟ್ಟನ್ನೂ ಇಟ್ಟೆ. ಕಾಡಿಗೆಯಾದ ಕೈಯನ್ನು ಒರೆಸಿಕೊಂಡೆ. ಗ್ರಹಣದ ದಿನ ಕಡ್ಲೆಪುರಿ ತಿಂದ ಕೈ ಅದು. ಯಾರಾದರೂ ಕೇಳಿದರೆ ಅದು ಗಿಡದ ಎತ್ತರ ಅಳೆಯುವ ಗುರುತು ಎಂದು ಹೇಳಬೇಕೆಂದೂ ಅಂದುಕೊಂಡೆ.

ಮರುದಿನ ರತ್ನಮ್ಮನವರು ಕರಿಬೇವಿನ ಸೊಪ್ಪು ಹಿಡಿದುಕೊಂಡು ಬಂದರು. ಕಿಟಕಿಯ ಕೆಳಗೆ ಕುಂಡವಿಲ್ಲದ್ದನ್ನು ಕಂಡು, "ಎಲ್ಲಿ ಮೇಷ್ಟ್ರೆ ನಮ್ ಕೂಸು?" ಎಂದರು. ನಾನು ಗಂಟಲು ಸರಿಮಾಡಿಕೊಂಡು, ಈ ಹಂತದಲ್ಲಿ ಗಿಡಕ್ಕೆ ಕತ್ತಲು ಬೇಕಾಗುತ್ತದೆ, ಬಾಗಿಲು ತೆಗೆದರೆ ಉಷ್ಣಾಂಶ ಏರುಪೇರಾಗುತ್ತದೆ, ಬೆಳಕಿನ ಕಿರಣ ಹೀಗೆ ಬಿದ್ದರೆ ಹಾಗಾಗುತ್ತದೆ ಎಂದು ಒಂದು ಪಾಠವನ್ನೇ ಮಾಡಿದೆ. ಒಂದು ಹಳೆಯ ಹೆದರಿಕೆಯನ್ನು ಮುಚ್ಚಿಡಲು ಅಷ್ಟೊಂದು ವಿಜ್ಞಾನ ಬೇಕಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ರತ್ನಮ್ಮನವರು ಪೂರ್ತಿ ಕೇಳಲಿಲ್ಲ. ಇಂಥ ಕಾರಣಗಳನ್ನು ಅವರು ನನಗಿಂತ ನಯವಾಗಿ ಹೇಳುವವರ ಬಾಯಲ್ಲಿ ಕೇಳಿದ್ದವರು. "ತೆಗೀಬೇಡಿ ಮೇಷ್ಟ್ರೆ, ತೆಗೀಬೇಡಿ" ಎಂದು ಸೊಪ್ಪನ್ನು ಕುರ್ಚಿಯ ಮೇಲಿಟ್ಟು ಹೊಸಿಲಾಚೆ ಸರಿದರು. ಸರಿಯುವಾಗ ನಮ್ಮ ಮನೆಯಲ್ಲಿ ಮೊದಲ ಸಲ ನೆಲ ನೋಡುತ್ತಿದ್ದರು. ನನಗೆ ಆಗಲೇ ಎದೆ ಚುರುಕ್ ಎಂದಿತು. ಆದರೆ ನಾಲ್ಕು ಮೊಗ್ಗು ಉಳಿದಿದ್ದವಲ್ಲ, ಬಾಗಿಲು ತೆಗೆಯಲಿಲ್ಲ.

ಆಮೇಲೆ ಅವರು ಬರಲಿಲ್ಲ. ಕರಿಬೇವು ಕಾಂಪೌಂಡಿನ ಗೋಡೆಯ ಮೇಲೆ ಬಂದು ಕೂರುತ್ತಿತ್ತು, ತಂದಿಟ್ಟವರು ಕಾಣುತ್ತಿರಲಿಲ್ಲ. ಪದ್ಮ ನನ್ನೊಂದಿಗೆ ಊಟಕ್ಕೆ ಏಳಿ, ನೀರು ಬಂತು, ಕರೆಂಟು ಹೋಯಿತು ಎನ್ನುವಷ್ಟು ಮಾತ್ರ ಮಾತಾಡುತ್ತಿದ್ದಳು. ಇತ್ತ, ಯಾವ ಕಣ್ಣೂ ಬೀಳದ ಕೋಣೆಯಲ್ಲಿ, ಕರಿದಾರ ಕಟ್ಟಿಕೊಂಡು, ಬೊಟ್ಟು ಇಡಿಸಿಕೊಂಡು, ಉಳಿದ ನಾಲ್ಕು ಮೊಗ್ಗುಗಳೂ ಒಂದರ ಹಿಂದೊಂದು ಒಣಗಿದವು. ವಿಜ್ಞಾನದ ಮೇಷ್ಟ್ರಾದವನು ಇಲ್ಲಿ ನಿಂತು ಯೋಚಿಸಬೇಕು. ನಾನೂ ಯೋಚಿಸಿದೆ. ನೋಡಿದ ಕೂಡಲೇ ತಗುಲುವ ಕಣ್ಣು ಬೇರೆ, ನಿಧಾನವಾಗಿ ಏರುವ ಕಣ್ಣು ಬೇರೆ ಇರಬಹುದು ಎಂದು ತೀರ್ಮಾನಿಸಿದೆ. ಸ್ಟಾಫ್ ರೂಮಿಗೆ ಪದ್ಮಳಿಗೆ ಹುಷಾರಿಲ್ಲ, ಭಾನುವಾರ ಬರಬೇಡಿ ಎಂದು ತಿಳಿಸಿದೆ. ಪದ್ಮ ಆ ಭಾನುವಾರವೇ ಸಂತೆಯಲ್ಲಿ ಡ್ರಿಲ್ ಮೇಷ್ಟ್ರಿಗೆ ಎದುರಾದಳು.

ನಿಜ ಗೊತ್ತಾದದ್ದು ಅದರ ಮುಂದಿನ ವಾರ, ಒಂಬತ್ತನೇ ಕ್ಲಾಸಿನಲ್ಲಿ. ಕಾಯಿ, ಹಣ್ಣು, ಬೀಜದ ವಿಷಯ ಬಂದಾಗ ನನ್ನದೊಂದು ವಾರ್ಷಿಕ ಪ್ರಶ್ನೆ ಇದೆ. "ಟಮಾಟ ಹಣ್ಣೋ ತರಕಾರಿಯೋ?" ಮನೆಯಲ್ಲಿ ಟಮಾಟ ಬೆಳೆಯುವ ಮಕ್ಕಳೇ ಹೆಚ್ಚು. ಬಾಯಲ್ಲಿ ಟಮಾಟ ಹಣ್ಣು ಎಂದೇ ಅನ್ನುತ್ತಾರೆ, ಆದರೆ ಹಣ್ಣಿನ ಅಂಗಡಿಗೆ ಹೋಗಿ ಟಮಾಟ ಕೇಳಿದವರು ಕೋಲಾರ ಜಿಲ್ಲೆಯಲ್ಲಿ ಯಾರೂ ಇಲ್ಲ, ದೇವರ ಮುಂದೆ ಹಣ್ಣುಕಾಯಿ ತಟ್ಟೆಯಲ್ಲಿ ಇಟ್ಟವರೂ ಇಲ್ಲ. ಹಾಗಾಗಿ ಇಡೀ ಕ್ಲಾಸು ಒಟ್ಟಿಗೆ "ತರಕಾರಿ ಸಾರ್" ಎಂದು ಕೂಗುತ್ತದೆ. ಆಗ ನಾನು ಮೀಸೆಯಲ್ಲೇ ನಕ್ಕು, "ದಡ್ಡರಾ, ಹೂವಿಂದ ಆಗಿದ್ದು, ಒಳಗೆ ಬೀಜ ಇರೋದು, ಅದು ಹಣ್ಣು" ಎಂದು ಘೋಷಿಸುವುದು ವಾಡಿಕೆ. ಆ ದಿನವೂ ಕೇಳಿದೆ. ಆ ದಿನವೂ ಕೂಗಿದರು. "ದಡ್ಡರಾ" ಎಂದು ಬಾಯಿ ತೆಗೆದವನು ತೆಗೆದೇ ಇದ್ದೆ. ಕಣ್ಣ ಮುಂದೆ ನಮ್ಮ ಫ್ರಿಜ್ಜಿನ ಕೆಳಗಿನ ಟ್ರೇ ಬಂದಿತ್ತು. ಕೆಂಪಗೆ ಮಾಗುತ್ತಿದ್ದ ಟಮಾಟಗಳು, ಅವುಗಳ ನಡುವೆ ಐದು ಗೆಡ್ಡೆಗಳು. ಎರಡು ಸೇಬನ್ನು ಗಡೀಪಾರು ಮಾಡಿ ಬಾಕ್ಸುಗಟ್ಟಲೆ ಹಣ್ಣಿನ ಮಡಿಲಲ್ಲಿ ಅವನ್ನು ನಾನೇ ಮಲಗಿಸಿದ್ದೆ. ಮುಂದಿನ ಬೆಂಚಿನವರು ನೋಟ್ಸ್ ಬರೆದುಕೊಳ್ಳಲು ಕಾಯುತ್ತಿದ್ದರು. ಓದಿಕೊಳ್ಳಿ ಎಂದು ಹೇಳಿ ಕುರ್ಚಿಯಲ್ಲಿ ಕೂತುಬಿಟ್ಟೆ.

ಸಂಜೆ ಮನೆಗೆ ಬರುವ ದಾರಿಯಲ್ಲೆಲ್ಲ ರತ್ನಮ್ಮನವರಿಗೆ ಹೇಗೆ ಹೇಳಬೇಕೆಂದು ಜೋಡಿಸಿಕೊಂಡು ಬಂದೆ. ತೋಟಗಳ ದಿಷ್ಟಿಬೊಂಬೆಗಳ ಮುಖ ನೋಡಲಾಗಲಿಲ್ಲ. ಸ್ಕೂಟರು ನಿಲ್ಲಿಸಿ ಒಳಗೆ ಕಾಲಿಟ್ಟರೆ, ರತ್ನಮ್ಮನವರು ನಮ್ಮ ಹಾಲಿನಲ್ಲೇ ಇದ್ದಾರೆ. ಕುಂಡ ಕೋಣೆಯಿಂದ ಆಚೆ ಬಂದಿದೆ. ಕರಿದಾರ, ಕಾಡಿಗೆ ಬೊಟ್ಟು ಎಲ್ಲವೂ ಸಂಜೆಯ ದೀಪದಲ್ಲಿ ಸ್ಪಷ್ಟವಾಗಿ ಕಾಣುತ್ತಿವೆ. ಮೊಗ್ಗೆಲ್ಲ ಒಣಗಿದ ಸುದ್ದಿಯನ್ನು ಪದ್ಮ ಗೋಡೆಯ ಮೇಲಿಂದ ಹೇಳಿದ್ದಳಂತೆ. ಕೇಳಿ ತಡೆಯಲಾರದೆ ಬಂದಿದ್ದರು. ಅಡಿಗೆಮನೆಯಿಂದ ಕಲ್ಲುಪ್ಪು, ಒಣಮೆಣಸಿನಕಾಯಿ ಇಸಿದುಕೊಂಡು ಮುಷ್ಟಿಯಲ್ಲಿ ಹಿಡಿದಿದ್ದರು. ಪಕ್ಕದಲ್ಲಿ ಧೂಪದ ಬಟ್ಟಲಿನಲ್ಲಿ ಕೆಂಡ.

"ನನ್ ಕಣ್ಣೇ ಮೇಷ್ಟ್ರೆ ಕೆಟ್ಟಿದ್ದು. ನಿಮ್ಮನೇಲಿ ಏನೂ ಆಗಲ್ಲ ಅಂದ್ಕೊಂಡೆ, ಬಾಯಿ ಬಿಟ್ಟೆ. ನನ್ನಿಂದ ಆಗಿದ್ದನ್ನ ನಾನೇ ತೆಗೀತೀನಿ. ಮುಂದ್ಲ ವರ್ಷಕ್ಕಾದ್ರೂ ಹೂ ಬಿಡ್ಲಿ" ಎಂದರು.

"ರತ್ನಮ್ಮನೋರೆ, ನಿಮ್ಮ ಕಣ್ಣಲ್ಲ, ಟಮಾಟ" ಎಂದೆ. ದಾರಿಯಲ್ಲಿ ಜೋಡಿಸಿಕೊಂಡಿದ್ದ ವಾಕ್ಯಗಳಲ್ಲಿ ಅದೊಂದೇ ಉಳಿದಿತ್ತು. ಆಮೇಲೆ ಫ್ರಿಜ್ಜು, ಎಥಿಲೀನ್, ಹಣ್ಣು ಮಾಗುವ ಕ್ರಮ ಎಲ್ಲವನ್ನೂ ತೊದಲಿದೆ. ಅವರು ತಲೆ ಅಲ್ಲಾಡಿಸುತ್ತಾ ಕೇಳಿದರು. ಕಣ್ಣಲ್ಲಿ ನೀರು ತುಂಬಿತ್ತು. "ನನ್ ಮನ್ಸ್ ನೋಯ್ಬಾರ್ದು ಅಂತ ಪಾಪದ ಟಮಾಟದ ಮೇಲೆ ಹಾಕ್ತಿದೀರಾ. ಊರ್ ತುಂಬಾ ಟಮಾಟ ಬೆಳೀತಾರೆ, ಯಾರ್ ಮನೆ ಗಿಡ ಸತ್ತಿದೆ? ನೋಡಮ್ಮ ಪದ್ಮಾ, ನಿಮ್ಮೆಜಮಾನ್ರಂಥ ಮನ್ಷರು ಸಿಕ್ಕಲ್ಲ" ಎಂದರು. ಮೊದಲು ಸುಳ್ಳು ಹೇಳಿದಾಗ ಅವರಿಗೆ ನಿಜ ಗೊತ್ತಾಗಿತ್ತು. ಈಗ ನಿಜ ಹೇಳಿದರೆ ಅದು ಸುಳ್ಳಾಗಿ ಕೇಳಿಸಿತು, ಅದೂ ಒಳ್ಳೆಯ ಮನುಷ್ಯನೊಬ್ಬನ ಸುಳ್ಳಾಗಿ. ಪದ್ಮ ನನ್ನನ್ನೇ ನೋಡುತ್ತಿದ್ದಳು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ರತ್ನಮ್ಮನವರು ಮುಷ್ಟಿಯನ್ನು ಕುಂಡದ ಸುತ್ತ ಇಳಿತೆಗೆಯತೊಡಗಿದರು. ಅವರ ಮನೆಮಾತು ತೆಲುಗು. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ "ಇರುಗು ದಿಷ್ಟಿ, ಪೊರುಗು ದಿಷ್ಟಿ" ಎಂದು ಅಕ್ಕಪಕ್ಕದವರ ಕಣ್ಣನ್ನೆಲ್ಲ ಹೆಸರಿಸುತ್ತಾರೆ. ಅವರು ಅಕ್ಕಪಕ್ಕದವರನ್ನು ಬಿಟ್ಟೇಬಿಟ್ಟರು. "ನಾ ದಿಷ್ಟಿ, ನಾ ದಿಷ್ಟಿ" ಎಂದು, ನನ್ನದೇ ಕಣ್ಣು, ನನ್ನದೇ ಕಣ್ಣು ಎಂದು ಸುತ್ತಿ, ಉಪ್ಪು ಮೆಣಸಿನಕಾಯಿಯನ್ನು ಕೆಂಡಕ್ಕೆ ಸುರಿದರು. ಇದಕ್ಕೊಂದು ಪರೀಕ್ಷೆ ಇದೆ. ಮೆಣಸಿನಕಾಯಿ ಸುಟ್ಟಾಗ ಘಾಟು ಎದ್ದು ಎಲ್ಲರೂ ಕೆಮ್ಮಿದರೆ ಹೆಸರಿಸಿದವರ ದಿಷ್ಟಿ ಇಲ್ಲ. ಘಾಟೇ ಬರದಿದ್ದರೆ ಅವರದೇ ದಿಷ್ಟಿ, ಅದೂ ಗಟ್ಟಿಯಾಗಿದೆ ಎಂದು ಲೆಕ್ಕ. ಮೂವರೂ ಬಟ್ಟಲನ್ನು ನೋಡುತ್ತಾ ನಿಂತೆವು. ಉಪ್ಪು ಚಟಪಟ ಎಂದಿತು. ಮೆಣಸಿನಕಾಯಿ ಕಪ್ಪಾಯಿತು. ಹೊಗೆ ಎದ್ದಿತು. ಘಾಟು ಬರಲಿಲ್ಲ. 'ಬಾ ಘಾಟೇ, ಬಾ' ಎಂದು ನಾನು ಮನಸ್ಸಿನಲ್ಲಿ ಬೇಡಿಕೊಂಡೆ. ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೂ ನಾನು ಹಾಗೆ ಬೇಡಿಕೊಂಡವನಲ್ಲ. ರತ್ನಮ್ಮನವರ ಮುಖ ನಿಧಾನವಾಗಿ ನೆಲದ ಕಡೆಗೆ ಬಾಗತೊಡಗಿತು.

ಆಗ ನಾನು ಕೆಮ್ಮಿದೆ. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು, ಬಾಗಿ, ಗೋಡೆಗೆ ಕೈ ಕೊಟ್ಟು ಕೆಮ್ಮಿದೆ. ಕಣ್ಣಲ್ಲಿ ನೀರು ಬಂತು, ಅದು ಮಾತ್ರ ನಿಜವಾದದ್ದು. "ಘಾಟಾ ಮೇಷ್ಟ್ರೆ?" ಎಂದು ರತ್ನಮ್ಮನವರು ಉಸಿರು ಬಿಗಿಹಿಡಿದು ಕೇಳಿದರು. "ಅಯ್ಯಪ್ಪ, ತಡೆಯೋಕಾಗ್ತಿಲ್ಲ" ಎಂದೆ. ಪದ್ಮಳೂ ಎರಡು ಸಲ ಕೆಮ್ಮಿದಳು. ಮದುವೆಯಾದಾಗಿನಿಂದ ಅವಳು ನನ್ನ ಮಾತಿಗೆ ಅಷ್ಟು ಬೇಗ ಒಪ್ಪಿದ್ದು ಅದೇ ಮೊದಲು. ರತ್ನಮ್ಮನವರು ಸೆರಗಿನಿಂದ ಮುಖ ಒರೆಸಿಕೊಂಡು, "ಹಂಗಾದ್ರೆ ನಂದಲ್ಲ" ಎಂದರು. ಮತ್ತೆ, ತಮಗೆ ತಾವೇ, "ನಂದಲ್ಲ" ಎಂದರು. ಆಮೇಲೆ ಕುಂಡವನ್ನೂ ಕರಿದಾರವನ್ನೂ ನನ್ನನ್ನೂ ಒಂದು ಸುತ್ತು ನೋಡಿದರು. "ಮತ್ತೆ ಯಾರ್ದು? ನೀವೇ ಅಲ್ವಾ ಮೇಷ್ಟ್ರೆ ದಿನಾ ಅದನ್ನೇ ನೋಡ್ತಾ ಕೂತಿರ್ತಿದ್ದಿದ್ದು. ಒಂದೊಂದ್ಸಲ ಮನೆಯೋರ್ದೇ ಬಿದ್ಬಿಡುತ್ತೆ. ತಪ್ ತಿಳ್ಕೋಬೇಡಿ" ಎಂದು ಬಹಳ ಕರುಣೆಯಿಂದ ಹೇಳಿದರು.

ಅವರು ಹೋದ ಮೇಲೆ ಪದ್ಮ ಕೆಂಡದ ಬಟ್ಟಲು ಎತ್ತಿಕೊಂಡು, "ಅದು ಬ್ಯಾಡಗಿ ಮೆಣಸಿನಕಾಯಿ ಕಣ್ರೀ. ಸಾರಿಗೆ ಬಣ್ಣ ಬರ್ಲಿ ಅಂತ ತಂದಿದ್ದು. ಅದ್ರಲ್ಲಿ ಘಾಟು ಎಲ್ಲಿಂದ ಬರಬೇಕು?" ಎಂದಳು. "ಮೊದಲೇ ಹೇಳಬಾರದಾಗಿತ್ತಾ?" ಎಂದೆ. "ನೀವೇನ್ ಮಾಡ್ತೀರಿ ಅಂತ ನೋಡ್ತಿದ್ದೆ" ಎಂದು ಒಳಗೆ ಹೋದಳು.

ಈಗ ರತ್ನಮ್ಮನವರು ಬೀದಿಯಲ್ಲಿ ತಲೆಯೆತ್ತಿ ನಡೆಯುತ್ತಾರೆ. ಮೇಷ್ಟ್ರೇ ಸಾಕ್ಷಿ ಎಂದು ಎಲ್ಲರಿಗೂ ಹೇಳಿದ್ದಾರೆ. ಟೇಕಲ್ಲಿನ ಸೀಮಂತಕ್ಕೆ ಬೆಳಿಗ್ಗೆಯೇ ಹೋಗಿ, ಬಸುರಿಯ ಮುಖ ನೋಡಿ, ಎಂಥಾ ಚೆಂದ ಎಂದು ಹೊಗಳಿ ಬಂದರು. ಆದರೆ ಅವರು ಮರುಕದಿಂದ ಹೇಳಿದ ಇನ್ನೊಂದು ಮಾತು ಕೂಡ ಬೀದಿಯಲ್ಲಿ ಓಡಾಡುತ್ತಿದೆ. ನಾನು ಹೋದರೆ ಎದುರುಮನೆಯವರು ಹೊಸದಾಗಿ ಈದ ಹಸುವಿನ ಕರುವನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಡ್ರಿಲ್ ಮೇಷ್ಟ್ರು ಬೈಕಿಗೆ ಎರಡು ನಿಂಬೆಹಣ್ಣು ಕಟ್ಟಿ, ಅದನ್ನು ನನ್ನ ಕಣ್ಣಿಗೆ ಬೀಳದ ಕಡೆ ನಿಲ್ಲಿಸುತ್ತಾರೆ. ಮೊನ್ನೆ ಕೊನೆಯ ಮನೆಯವರು ನಾಮಕರಣಕ್ಕೆ ಕರೆಯಲು ಬಂದು, "ಮೇಷ್ಟ್ರೆ, ನೀವು ಊಟದ ಹೊತ್ತಿಗೆ ಬಂದ್ರೆ ಸಾಕು" ಎಂದರು. ನಾನು ಬಾಯಿ ಬಿಡುವಂತಿಲ್ಲ. ಬಿಟ್ಟರೆ ಕೆಮ್ಮಿನ ಗುಟ್ಟೂ ಹೊರಗೆ ಬರುತ್ತದೆ. ಊಟದ ಹೊತ್ತಿಗೇ ಹೋಗಿ, ನೆಲ ನೋಡಿಕೊಂಡು ಉಂಡು ಬಂದೆ. ನೆಲ ನೋಡಿಕೊಂಡು ಉಣ್ಣುವುದು ಅಂದರೆ ಏನು ಎಂದು ಅವತ್ತು ಗೊತ್ತಾಯಿತು.

ಪದ್ಮ ಈಗ ಗುಂಟೂರು ಮೆಣಸಿನಕಾಯಿ ತರಿಸಿಟ್ಟಿದ್ದಾಳೆ. ಒಂದು ಹಿಡಿ ಕೆಂಡಕ್ಕೆ ಹಾಕಿದರೆ ಅರ್ಧ ಬೀದಿ ಕೆಮ್ಮುತ್ತದೆ. "ಬನ್ನಿ, ನಿಮ್ಮ ಕಣ್ಣಿನ ಹೆಸರಲ್ಲೇ ಒಂದ್ಸಲ ಇಳಿತೆಗೀತೀನಿ. ಎಲ್ಲರನ್ನೂ ಕರೆದು ಅವರೆದುರಿಗೇ ಪರೀಕ್ಷೆ ಮಾಡ್ಬಿಡೋಣ. ನಿಮ್ಮ ಹೆಸರೂ ಶುದ್ಧ ಆಗುತ್ತೆ" ಎಂದು ದಿನಾ ಕರೆಯುತ್ತಾಳೆ. ನಾನು ಅದೆಲ್ಲ ಮೂಢನಂಬಿಕೆ, ನನ್ನಂಥವನು ಅದಕ್ಕೆಲ್ಲ ಕೂರಬಾರದು ಎಂದು ಗಟ್ಟಿಯಾಗಿಯೇ ಹೇಳಿದ್ದೇನೆ. ಕೂರಬಹುದು. ಆದರೆ ಘಾಟು ಬರದೇ ಹೋದರೆ?